ಹಾಲೇಶಪ್ಪ ಆರ್‌ಎನ್‌ಎಗೆ ಬಡ್ತಿ ಕೊಟ್ಟದ್ದು

ನಮ್ಮ ಹಾಲೇಶಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲಿಗೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಓದಿದವರಿಗೆ ಅನುಮಾನ ಬಂದೇ ಬರುತ್ತದೆ. ಅವನು ಬಡ್ತಿ ಕೊಡುವವನು, ಅಷ್ಟೆ. ವಿಮಾ ಕಚೇರಿಯ ಹೆಡ್ ಕ್ಲರ್ಕಾಗಿ ದಾವಣಗೆರೆಯಿಂದ ವಡೋದರಕ್ಕೆ ವರ್ಗವಾಗಿ ಬಂದವನು ಯಾವ ಕುರ್ಚಿಯಲ್ಲಿ ಕೂತನೋ ಅದೇ ಕುರ್ಚಿಯಿಂದ ನಿವೃತ್ತನಾದ. ತನಗೆ ಬಾರದೆ ಹೋದ ಬಡ್ತಿಯನ್ನು ಊರಿಗೆಲ್ಲ ಹಂಚಿದ. ಕಾಂಪೌಂಡರನನ್ನು ಡಾಕ್ಟರ್ ಮಾಡಿದ. ಅಹಮದಾಬಾದಿನ ನರೋಡಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಷಡ್ಡಕನ ಮಗನನ್ನು ಚೀಫ್ ಎಂಜಿನಿಯರ್ ಮಾಡಿದ. ಅದನ್ನು ನಂಬಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವರೊಬ್ಬರು ಮಗನಿಗೆ ಕೆಲಸ ಕೇಳಲು ಅಹಮದಾಬಾದಿನವರೆಗೆ ಹೋದರು. ಚೀಫ್ ಎಂಜಿನಿಯರ್ ಸಾಹೇಬರು ಯಂತ್ರದ ಅಡಿಯಿಂದ ಎಣ್ಣೆ ಮೆತ್ತಿಕೊಂಡು ತೆವಳುತ್ತ ಹೊರಬಂದದ್ದನ್ನು ನೋಡಿ ವಾಪಸು ಬಂದರು.

ಪಕ್ಕದ ಫ್ಲ್ಯಾಟಿನ ನನ್ನನ್ನೂ ಅವನು ಬಿಡಲಿಲ್ಲ. ನಾನು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ಬಾವುಟ ಬೀಸಿಕೊಂಡು ಇದ್ದವನು. "ಇವರು ಸೀತಾರಾಮಣ್ಣ, ರಿಟೈರ್ಡ್ ಸ್ಟೇಷನ್ ಮಾಸ್ಟರು" ಎಂದು ಹಾಲೇಶಪ್ಪ ಪರಿಚಯ ಮಾಡಿಸಿದ್ದರಿಂದ, ದೀಪಾವಳಿ ಹತ್ತಿರ ಬಂತೆಂದರೆ ಟಿಕೆಟ್ ಕನ್ಫರ್ಮ್ ಮಾಡಿಸಿಕೊಡಿ ಎಂದು ಜನ ಬಂದು ನನ್ನ ಬಾಗಿಲು ಬಡಿಯುತ್ತಾರೆ. ಒಂದು ಸಲ ನಿಜ ಹೇಳಿ ನೋಡಿದೆ. "ದೊಡ್ಡ ಮನುಷ್ಯರಿಗೆ ಎಷ್ಟು ನಮ್ರತೆ!" ಎಂದುಬಿಟ್ಟರು. ಅಂದಿನಿಂದ ಸುಮ್ಮನಿದ್ದೇನೆ.

ಇಂಥ ಹಾಲೇಶಪ್ಪನ ಮಗ ಮಂಥನ್‌ಗೆ ಹೆಣ್ಣು ಗೊತ್ತಾಯಿತು. ಹುಡುಗಿಯ ಹೆಸರು ನಿಶ್ಚಿತಾ. ಧಾರವಾಡದ ಕಡೆಯವರು, ತಂದೆ ಲಿಂಗರಾಜ ಸೂರತ್ತಿನಲ್ಲಿ ಬ್ಯಾಂಕ್ ಮ್ಯಾನೇಜರು. ಹುಡುಗಿ ಇಲ್ಲೇ ವಡೋದರದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹುಡುಗ ಹುಡುಗಿ ಮೊದಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಹಿರಿಯರಾದ ನಾವು ಅದನ್ನು ನಾವೇ ಹುಡುಕಿದಂತೆ ಮಾಡಿ ಗೌರವ ಉಳಿಸಿಕೊಂಡೆವು. ಮುಂದಿನ ಭಾನುವಾರ ನಮ್ಮ ಸೊಸೈಟಿಯ ಅಂಗಳದಲ್ಲೇ ನಿಶ್ಚಿತಾರ್ಥ ಎಂದು ಮಾತಾಯಿತು.

ಹುಡುಗಿ ಮನೆಗೆ ಬಂದಿದ್ದಾಗ ಹಾಲೇಶಪ್ಪ, "ಏನಮ್ಮಾ, ನಿನ್ ಕೆಲ್ಸ ಯಾವುದ್ರ ಮೇಲೆ?" ಎಂದು ಕೇಳಿದ್ದ. ಅವಳು, "ಆರ್‌ಎನ್‌ಎ ಮೇಲೆ, ಅಂಕಲ್" ಎಂದಿದ್ದಳು. ಹಾಲೇಶಪ್ಪ ಬಹಳ ತಿಳಿದವನ ಹಾಗೆ ತಲೆಯಾಡಿಸಿದ. ಅವಳು ಹೋದ ಮೇಲೆ ನನ್ನ ಹತ್ತಿರ ಸರಿದು ಕೂತ.

"ಅಣ್ಣಾ, ಡಿಎನ್‌ಎ ಅಂದ್ರೆ ಟೀವಿಯಾಗೆ ಬರುತ್ತೆ, ಕೋರ್ಟ್‌ನಾಗೆ ಬರುತ್ತೆ. ಈ ಆರ್‌ಎನ್‌ಎ ಎಲ್ಲಾದ್ರೂ ಬಂದದ್ದು ಕೇಳಿದ್ದೀರಾ?"

"ಇಲ್ಲಪ್ಪ."

"ಅಂದ್ರೆ ಅದು ಡಿಎನ್‌ಎ ಅಸಿಸ್ಟೆಂಟು ಇರ್ಬೇಕು. ಪಾಪ, ಹೊಸದಾಗಿ ಸೇರಿದ ಹುಡುಗಿ ಅಂತ ಅದನ್ನ ಕೊಟ್ಟಿದ್ದಾರೆ."

ಕಚೇರಿಯಲ್ಲಿ ತಲೆ ಹಣ್ಣಾದವನಿಗೆ ಲೋಕವೆಲ್ಲ ಮೇಲಧಿಕಾರಿ ಮತ್ತು ಕೈಕೆಳಗಿನವರಾಗಿಯೇ ಕಾಣುತ್ತದೆ. ನನಗಂತೂ ಎರಡೂ ಗೊತ್ತಿರಲಿಲ್ಲ.

ಆ ದಿನ ಸಂಜೆ ಸೊಸೈಟಿಯ ಬೆಂಚಿನ ಮೇಲೆ ಪೂರ್ವಿಬೆನ್ ಕೂತು ಬಟಾಣಿ ಬಿಡಿಸುತ್ತಿದ್ದಳು. ಪೂರ್ವಿಬೆನ್ ನಮ್ಮ ಎದುರಿನ ವಿಂಗಿನವಳು. ನಮ್ಮ ಸೊಸೈಟಿಗೆ ಪತ್ರಿಕೆ ತರಿಸುವ ಮನೆಗಳು ಕಡಿಮೆ. ಪೂರ್ವಿಬೆನ್ ಇರುವಾಗ ಅದರ ಅಗತ್ಯವೂ ಇಲ್ಲ.

"ಹಾಲೇಶ್‌ಭಾಯಿ, ವಹು ಏನು ಮಾಡ್ತಾಳೆ?" ಎಂದಳು. ವಹು ಎಂದರೆ ಸೊಸೆ.

ಭಾವೀ ಸೊಸೆ ಒಬ್ಬ ಅಸಿಸ್ಟೆಂಟಿನ ಕೈಕೆಳಗೆ ದುಡಿಯುತ್ತಾಳೆ ಎಂದು ಹೇಳಲು ಯಾವ ಮಾವನಿಗೆ ಬಾಯಿ ಬರುತ್ತದೆ? "ಡಿಎನ್‌ಎ" ಎಂದು ಹಾಲೇಶಪ್ಪ ಹೇಳಿಬಿಟ್ಟ.

ಪೂರ್ವಿಬೆನ್ನಳ ಕೈಯಲ್ಲಿದ್ದ ಬಟಾಣಿಕಾಯಿ ಬಾಯಿ ಬಿಟ್ಟುಕೊಂಡು ಹಾಗೇ ನಿಂತಿತು. "ಶುಂ ವಾತ್ ಛೇ, ಏನ್ ಹೇಳ್ತೀರಿ! ಡಿಎನ್‌ಎ ಟೆಸ್ಟಾ? ಯಾರದು?"

"ಯಾರದು ಅಂತ ಕೇಳ್ತೀರಲ್ಲ! ಎಲ್ಲರದೂ. ನಮ್ಮ ಮನೆಗೆ ಕಾಲಿಡೋ ಮೊದಲು ನಮ್ಮೆಲ್ಲರದೂ ನೋಡಿಬಿಟ್ಟಿರ್ತಾಳೆ. ಒಂದು ಕೂದಲು ಸಾಕು, ಇಡೀ ವಂಶ ಹೇಳ್ತಾಳೆ."

ಅವನ ಮಟ್ಟಿಗೆ ಇದು ಸೊಸೆಯ ಹೊಗಳಿಕೆ. ಕೇಳಿದವರ ಮಟ್ಟಿಗೆ ಏನಾಯಿತು ಎಂಬುದು ಮರುದಿನ ಬೆಳಿಗ್ಗೆ ತಿಳಿಯಿತು.

ಮೊದಲು ಬಂದವರು ಸೊಸೈಟಿಯ ಚೇರ್ಮನ್ ಕಶ್ಯಪ್‌ಭಾಯಿ. ನಮ್ಮ ಸೊಸೈಟಿಗೆ ಒಂದು ಹಳೆಯ ವ್ಯಾಧಿ ಇತ್ತು. ಮೆಟ್ಟಿಲ ಮೂಲೆಯಲ್ಲಿ ಯಾರೋ ಪಾನ್ ಮಸಾಲಾ ಜಗಿದು ಉಗುಳುತ್ತಿದ್ದರು. ಕಶ್ಯಪ್‌ಭಾಯಿ ಅಲ್ಲಿ ದೇವರ ಪಟಗಳ ಟೈಲ್ಸ್ ಹಾಕಿಸಿದರು. ಉಗುಳುವವನು ಭಕ್ತಿಯಿಂದ ಒಂದು ಗೇಣು ಪಕ್ಕಕ್ಕೆ ಸರಿದು ಉಗುಳಿದ. ಈಗ ಚೇರ್ಮನ್ನರು ಆ ಕೆಂಪು ಕಲೆಯನ್ನು ಚಾಕುವಿನಿಂದ ಕೆರೆದು, ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವ ಮುಖವಾಸದ ಖಾಲಿ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದರು.

"ಹಾಲೇಶ್‌ಭಾಯಿ, ಇದು ಸಾರ್ವಜನಿಕ ಕೆಲಸ. ವಹುಗೆ ಹೇಳಿ, ಇದರ ಡಿಎನ್‌ಎ ತೆಗೀಲಿ. ಆಮೇಲೆ ಪ್ರತಿ ಫ್ಲ್ಯಾಟಿಂದ ಗಂಡಸರ ಕೂದಲು ನಾನು ತಂದುಕೊಡ್ತೀನಿ."

ಹಾಲೇಶಪ್ಪನ ಹೆಂಡತಿ ಜಲಜಾ ಒಳಗಿನಿಂದ ಬಂದವಳು ಡಬ್ಬಿಯೊಳಗೆ ಇಣುಕಿ, "ಅಯ್ಯೋ ಶಿವನೇ, ಇದನ್ನ ತಿಂಡಿ ತಿನ್ನೋ ಮೇಜಿನ ಮೇಲೆ ಇಟ್ಟಿದ್ದೀರಲ್ರೀ!" ಎಂದಳು.

"ಮೇಡಂ, ಫ್ರಿಜ್‌ನಲ್ಲಿ ಇಡಬೇಕು. ಕೆಡುತ್ತೆ" ಎಂದರು ಚೇರ್ಮನ್.

ಈ ಸುದ್ದಿ ಹಬ್ಬಿದ ಹೊತ್ತಿನಿಂದ ಸೊಸೈಟಿಯಲ್ಲಿ ಗಂಡಸರು ಬಾಚಣಿಗೆ ಬಚ್ಚಿಟ್ಟುಕೊಳ್ಳತೊಡಗಿದರು. ಪೂರ್ವಿಬೆನ್ನಳ ಗಂಡ ಬೆಳ್ಳಂಬೆಳಿಗ್ಗೆ ಬಕೆಟ್ಟು ಬ್ರಷ್ಷು ಹಿಡಿದು ಮೆಟ್ಟಿಲ ಗೋಡೆ ತಿಕ್ಕುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದೆ. "ಸ್ವಚ್ಛತಾ ಅಭಿಯಾನ, ಕಾಕಾ" ಎಂದ. ಒಳ್ಳೆಯದಪ್ಪ ಎಂದೆ. ವಿಜ್ಞಾನದಿಂದ ಸಮಾಜಕ್ಕೆ ಉಪಯೋಗವಿಲ್ಲ ಎನ್ನುವವರು ಆ ಗೋಡೆಯನ್ನು ಬಂದು ನೋಡಬೇಕು.

ಜನ ಬರುತ್ತಲೇ ಇದ್ದರು. ಒಬ್ಬರು ತಮ್ಮ ವಂಶ ರಾಜವಂಶವೆಂದು ಅಳಿಯನಿಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಉಗುರು ತಂದರು. ಇನ್ನೊಬ್ಬಳು ಮಗನ ಮೊಂಡುತನ ತನ್ನ ಕಡೆಯದಲ್ಲ, ಗಂಡನ ಕಡೆಯದೆಂದು ಬರೆಸಿಕೊಂಡು ಹೋಗಲು ಮಗನನ್ನೇ ಎಳೆದು ತಂದಳು. ಹಾಲೇಶಪ್ಪ ಯಾರಿಗೂ ಇಲ್ಲ ಎನ್ನಲಿಲ್ಲ. "ನೋಡೋಣ, ಮೇಡಂ ಬಿಜಿ ಇದ್ದಾರೆ" ಎನ್ನುತ್ತಿದ್ದ. ನಿಶ್ಚಿತಾ ಆಗಲೇ ಅವನ ಬಾಯಲ್ಲಿ ಲ್ಯಾಬಿನ ಡೈರೆಕ್ಟರ್ ಆಗಿದ್ದಳು.

ಮಂಥನ್ ಸಂಜೆ ಕೆಲಸದಿಂದ ಬಂದು ಫ್ರಿಜ್ ತೆಗೆದವನು ಕಿರುಚಿದ. ವಡೋದರದಲ್ಲೇ ಹುಟ್ಟಿ ಬೆಳೆದ ಹುಡುಗ. ಅವನ ಕನ್ನಡಕ್ಕೆ ಮೂರು ಭಾಷೆ ಒಟ್ಟಿಗೆ ಬೇಕು. "ಪಪ್ಪಾ, ದಹೀ ಪಕ್ಕದಲ್ಲಿ ಇದು ಕ್ಯಾ ಹೈ? ನಿಶ್ಚಿತಾ ಪಪ್ಪಾಯಿ ಎಲೆ ಮೇಲೆ ವರ್ಕ್ ಮಾಡೋದು! ಹ್ಯೂಮನ್ ಅಲ್ಲ!"

"ಎಲೆ?" ಹಾಲೇಶಪ್ಪನ ಮುಖ ಸಣ್ಣದಾಯಿತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಎಲೆ ಅಂತ ಯಾರಿಗೂ ಹೇಳ್ಬ್ಯಾಡ್ರಿ ಅಣ್ಣಾ" ಎಂದ.

ಹೇಳುವವರು ಬೇರೆಯೇ ಇದ್ದರು. ಪೂರ್ವಿಬೆನ್ನಳ ತಂಗಿ ಇರುವುದು ಸೂರತ್ತಿನ ಕತಾರ್‌ಗಾಮಿನಲ್ಲಿ. ಅದೂ ಲಿಂಗರಾಜರ ಎದುರು ಬಾಗಿಲಲ್ಲಿ. ಅಕ್ಕ ತಂಗಿಗೆ ಹೇಳಿದ್ದು, ಹಾಲೇಶ್‌ಭಾಯಿ ಮದುವೆಗೆ ಮುಂಚೆ ಎಲ್ಲರ ಡಿಎನ್‌ಎ ನೋಡಿಸುತ್ತಾರೆ ಎಂದು. ತಂಗಿ ಎದುರು ಮನೆಗೆ ಹೇಳಿದ್ದು, ನಿಮ್ಮ ಹುಡುಗಿಯ ವಂಶದ ಮೇಲೆ ಗಂಡಿನ ಕಡೆಯವರಿಗೆ ಅನುಮಾನ, ಟೆಸ್ಟ್ ಆಗದೆ ಉಂಗುರ ತೊಡಿಸುವುದಿಲ್ಲವಂತೆ ಎಂದು.

ಲಿಂಗರಾಜರ ಫೋನು ಬಂತು. ಹಾಲೇಶಪ್ಪ ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದಿದ್ದರೂ ನನಗೆ ಪ್ರತಿಯೊಂದು ಅಕ್ಷರ ಕೇಳಿಸಿತು.

"ಏನ್ರೀ ಹಾಲೇಶಪ್ಪನವರ, ನಮ್ಮ ಹುಡುಗಿ ಯಾರ ಮಗಳು ಅಂತ ನಿಮಗ ಲ್ಯಾಬಿನವ್ರು ಹೇಳಬೇಕೇನು?"

ಇಲ್ಲೊಂದು ಸುಲಭದ ದಾರಿ ಇತ್ತು. ಹಾಗೇನೂ ಇಲ್ಲ, ನಾನೇ ತಪ್ಪು ಹೇಳಿದೆ ಎಂದರೆ ಮುಗಿಯುತ್ತಿತ್ತು. ಹಾಲೇಶಪ್ಪ ಹೇಳಿದ್ದೇನು? "ಹಂಗಲ್ಲ ಬೀಗ್ರೆ... ಈಗ ದೊಡ್ಡ ದೊಡ್ಡ ಮನೆತನದಾಗೆಲ್ಲ ಇದು ಸಾಮಾನ್ಯ..."

"ಹೌದಾ? ನಾವು ಸಣ್ಣ ಮನಿತನದವ್ರು. ಐತವಾರದ ಕಾರ್ಯ ಬಂದ್!"

ಮಂಥನ್ ಹೋಗಿ ಬಾಲ್ಕನಿಯಲ್ಲಿ ನಿಂತ. ಫೋನು ಮಾಡಿದರೆ ಹುಡುಗಿ ಎತ್ತುತ್ತಿರಲಿಲ್ಲ. ಅವಳೂ ಸೂರತ್ತಿಗೆ ಹೋಗಿಬಿಟ್ಟಿದ್ದಳು. ಜಲಜಾ ಗಂಡನ ಚಪ್ಪಲಿ ತಂದು ಅವನ ಮುಂದೆ ಜೋಡಿಸಿಟ್ಟಳು. ನನಗೂ ಒಂದು ಮಾತು ಹೇಳಿದಳು: "ಸೀತಾರಾಮಣ್ಣ, ನೀವೂ ಇವರ ಜೊತೆ ಹೋಗ್ರಿ. ಈ ಬಾಯಿಗೆ ಕೆಂಪು ಬಾವುಟ ತೋರ್ಸೋರು ಒಬ್ಬರು ಬೇಕು."

ಮರುದಿನ ಬೆಳಿಗ್ಗೆ ಅಹಮದಾಬಾದಿನ ಕಡೆಯಿಂದ ಬಂದ ರೈಲು ಹತ್ತಿದೆವು. ಹಾಲೇಶಪ್ಪನಿಗೆ ದಾರಿಯಲ್ಲೇ ಒಂದು ಹುರುಪು ಬಂತು. ಸೂರತ್ ಮುಟ್ಟುವುದರೊಳಗೆ ಡಿಎನ್‌ಎಗೂ ಆರ್‌ಎನ್‌ಎಗೂ ಏನು ವ್ಯತ್ಯಾಸವೆಂದು ಕಲಿತುಕೊಂಡು, ಬೀಗರ ಮುಂದೆ ಪಂಡಿತನ ಹಾಗೆ ನಿಂತರೆ ಅವರೇ ತಣ್ಣಗಾಗುತ್ತಾರೆ ಎಂದು ಅವನ ಲೆಕ್ಕ. ಎದುರು ಸೀಟಿನಲ್ಲಿ ಅಹಮದಾಬಾದಿನ ನವರಂಗಪುರದ ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು. ಅವಳನ್ನೇ ಹಿಡಿದ.

ಪಾಪ, ಒಳ್ಳೆಯ ಹುಡುಗಿ. "ಅಂಕಲ್, ಡಿಎನ್‌ಎ ಎರಡು ಎಳೆಯದು, ತಿರುಚಿದ ಏಣಿಯ ಹಾಗೆ. ಆರ್‌ಎನ್‌ಎ ಸಾಮಾನ್ಯವಾಗಿ ಒಂದೇ ಎಳೆ. ಎರಡರಲ್ಲೂ ಸಕ್ಕರೆ ಇದೆ, ಆದ್ರೆ ಡಿಎನ್‌ಎ ಸಕ್ಕರೆಯಲ್ಲಿ ಒಂದು ಆಕ್ಸಿಜನ್ ಕಡಿಮೆ. ಡಿಎನ್‌ಎಯಲ್ಲಿ ಥೈಮಿನ್ ಇರೋ ಕಡೆ ಆರ್‌ಎನ್‌ಎಯಲ್ಲಿ ಯುರಾಸಿಲ್" ಎಂದು ಹಿಂದಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು.

ಪಕ್ಕದಲ್ಲಿ ಖಾಖ್ರಾ ತಿನ್ನುತ್ತಿದ್ದ ವ್ಯಾಪಾರಿ ಕಿವಿ ನಿಮಿರಿಸಿದ. "ಆಕ್ಸಿಜನ್ ಕಡಿಮೆ ಇದ್ದರೆ ಸುಸ್ತು ಬರುತ್ತೆ. ನಮ್ಮ ಕಾಕಾಗೆ ಹಾಗೇ ಆಗಿತ್ತು."

"ಸಕ್ಕರೆ ಇದ್ದರೆ ಮೆಂತ್ಯ ನೆನೆಸಿ ಕುಡೀಬೇಕು" ಎಂದಳು ಅವನ ಹೆಂಡತಿ.

ಭರೂಚ್ ಬರುವಷ್ಟರಲ್ಲಿ ಬೋಗಿಯವರೆಲ್ಲ ಸೇರಿ ಹಾಲೇಶಪ್ಪನಿಗೆ ಡಿಎನ್‌ಎ ಕಾಯಿಲೆ ಇದೆಯೆಂದೇ ತೀರ್ಮಾನಿಸಿ ಔಷಧ ಹೇಳತೊಡಗಿದರು. ಒಬ್ಬ ಮುದುಕಿ ಎದ್ದು ಅವನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಹಾಲೇಶಪ್ಪ ಗಾಳಿಗೆ ಮುಖವೊಡ್ಡಿ, "ಎರಡೆಳೆ, ಒಂದೆಳೆ, ಥೈಮಿನ್, ಯುರಾಸಿಲ್" ಎಂದು ಬೆರಳು ಮಡಿಚುತ್ತ ಕೂತ. ನರ್ಮದೆಯ ಸೇತುವೆ ಬಂದಾಗ ಎಲ್ಲರೂ ಕೈ ಮುಗಿದರು. ಅವನೂ ಮುಗಿದ, ಮಡಿಚಿದ್ದ ಬೆರಳುಗಳೆಲ್ಲ ಬಿಚ್ಚಿಕೊಂಡು, ಕಲಿತದ್ದು ಹೊಳೆಯ ಪಾಲಾಯಿತು.

ಕತಾರ್‌ಗಾಮಿನಲ್ಲಿ ಲಿಂಗರಾಜರ ಮನೆಯ ಪಕ್ಕದಲ್ಲೇ ಮಗ್ಗದ ಕಾರ್ಖಾನೆ. ಖಟಾಖಟ್ ಖಟಾಖಟ್ ಎಂದು ಸದ್ದು ನಿಲ್ಲುವುದೇ ಇಲ್ಲ. ಅದರಿಂದ ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. "ಬರ್ರೀ, ಕುಂದರ್ರೀ!" ಎಂದು ಲಿಂಗರಾಜರ ತಾಯಿ ಗೌರಮ್ಮ ಉಪಚಾರಕ್ಕೆ ಹೇಳಿದ್ದಕ್ಕೇ ಹಾಲೇಶಪ್ಪ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ.

ಲಿಂಗರಾಜರು ಕೈಕಟ್ಟಿ ಕೂತಿದ್ದರು. ನಿಶ್ಚಿತಾ ಬಾಗಿಲ ಬಳಿ ನಿಂತಿದ್ದಳು. ಹಾಲೇಶಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಬೀಗ್ರೆ, ಡಿಎನ್‌ಎ ಅಂದ್ರೆ ಏಣಿ. ಆರ್‌ಎನ್‌ಎಗೆ... ಸಕ್ಕರೆ ಕಾಯಿಲೆ. ಏಣಿ ಹತ್ತಿದ್ರೆ ಆಕ್ಸಿಜನ್ ಕಡಿಮೆ ಆಗ್ತದೆ..."

"ಈ ಮನುಷ್ಯಾಗ ಮೈಯಾಗ ಹುಷಾರ್ ಐತಿಲ್ಲೋ?" ಎಂದು ಗೌರಮ್ಮ ನನ್ನನ್ನು ಕೇಳಿದರು.

ನಿಶ್ಚಿತಾ ಮುಂದೆ ಬಂದಳು. "ಅಂಕಲ್, ನಾನು ಕೆಲಸ ಮಾಡೋದು ಆರ್‌ಎನ್‌ಎ ಮೇಲೆ ಅಂತ ಹೇಳಿದ್ದೆನಲ್ಲ. ಡಿಎನ್‌ಎ ಅಂತ ಯಾಕೆ ಹೇಳಿದ್ರಿ?"

ಹಾಲೇಶಪ್ಪ ನನ್ನತ್ತ ನೋಡಿದ. ನಾನು ಮಗ್ಗದ ಸದ್ದು ಕೇಳುತ್ತಿದ್ದೆ.

"ಅದು... ಡಿಎನ್‌ಎ ದೊಡ್ಡ ಪೋಸ್ಟು ಅಂತ..."

ಲಿಂಗರಾಜರು ಕಟ್ಟಿದ ಕೈ ಬಿಚ್ಚಿದರು. "ಪೋಸ್ಟು?"

"ಮಂದಿ ಮುಂದೆ ನಮ್ಮ ಸೊಸೆ ಅಸಿಸ್ಟೆಂಟ್ ಕೈಕೆಳಗೆ ಅಂತ ಹೆಂಗ್ ಹೇಳೋದು ಅಂತ, ನಾನೇ ಒಂದು ಬಡ್ತಿ ಕೊಟ್ಟೆ. ನಿಮ್ಮ ವಂಶದ ಮಾತು ನಾನು ಎತ್ತಲೇ ಇಲ್ಲ ಬೀಗ್ರೆ."

ಲಿಂಗರಾಜರಿಗೆ ನಗು ಬಂತೋ ಸಿಟ್ಟು ಬಂತೋ ಮುಖದಲ್ಲಿ ತಿಳಿಯಲಿಲ್ಲ. ಆದರೆ ನಿಶ್ಚಿತಾಗೆ ಸಿಟ್ಟೇ ಬಂದಿತ್ತು.

"ಅಜ್ಜೀ, ಪಕ್ಕದ ಕಾರ್ಖಾನಿ ನೋಡೀಯಲ್ಲ. ಮಾಲೀಕ ಸೀರಿ ಡಿಸೈನಿನ ಅಸಲನ್ನ ಕಪಾಟಿನಾಗ ಬೀಗ ಹಾಕಿ ಇಡ್ತಾನ. ಅದು ಕೆಳಗ ಇಳಿಯೋದಿಲ್ಲ. ಅದರ ಒಂದು ನಕಲು ಮಾತ್ರ ಮಗ್ಗಕ್ಕ ಹೋಗ್ತದ. ನೇಯೋರು ಅದನ್ನ ನೋಡಿ ನೇಯ್ತಾರ. ಕೆಲಸ ಮುಗೀತು, ನಕಲು ಹರದು ಹೋತು. ಅಸಲು ಡಿಎನ್‌ಎ, ನಕಲು ಆರ್‌ಎನ್‌ಎ. ಅಸಲು ಕಪಾಟಿನಾಗ ಕುಂತ್ರ ಸೀರಿ ಆಗ್ತದೇನು?"

"ಎಲ್ಲಿಂದ ಆಗಬೇಕು! ಓಡ್ಯಾಡವ್ರು ಬೇಕಲ್ಲ" ಎಂದರು ಗೌರಮ್ಮ.

"ಪಪ್ಪಾಯಿಗೆ ಒಂದು ವೈರಸ್ ಬರ್ತದ. ಅದರ ಹತ್ರ ಡಿಎನ್‌ಎನೇ ಇಲ್ಲ, ಬರೇ ಆರ್‌ಎನ್‌ಎ. ಹೊರಗಿನವ ಒಬ್ಬ ಕಳ್ಳ ನಕಲು ತಂದು ಮಗ್ಗಕ್ಕ ಹಾಕಿದಂಗ. ನೇಯೋರು ಯಾರು ಕೊಟ್ರು ಅಂತ ಕೇಳೋದಿಲ್ಲ, ನೇಯ್ಕೋತ ಹೋಗ್ತಾರ. ಗಿಡ ಹಾಳಾಗ್ತದ."

ಗೌರಮ್ಮ ಮಗನ ಕಡೆ ತಿರುಗಿದರು. "ಎದುರು ಮನಿಯಾಕಿ ತಂದ ಮಾತು ಕೇಳಿ ನೀನೂ ಹಂಗ ನೇದಿಯಲ್ಲೋ ಲಿಂಗ್ಯಾ! ಯಾರು ಕೊಟ್ರು ಅಂತ ಕೇಳಿದೇನು?"

ಬ್ಯಾಂಕ್ ಮ್ಯಾನೇಜರು ಎದ್ದು ಹೋಗಿ ಕಾರಣವಿಲ್ಲದೆ ಫ್ಯಾನಿನ ವೇಗ ಹೆಚ್ಚಿಸಿದರು.

ಆದರೆ ಮಾತು ಇನ್ನೂ ಮುಗಿದಿರಲಿಲ್ಲ. ನಿಶ್ಚಿತಾ ಹಾಲೇಶಪ್ಪನ ಎದುರು ಕೂತಳು. "ಅಂಕಲ್, ನನಗೆ ಮಂಥನ್ ಬೇಕು. ಆದ್ರೆ ನಾಲ್ಕು ವರ್ಷ ಈ ಆರ್‌ಎನ್‌ಎ ಹಿಂದೆ ತಿರುಗಿದೀನಿ, ಅದು ನಂಗೆ ಅವಮಾನ ಅಲ್ಲ. ಆರ್‌ಎನ್‌ಎ ಸೊಸೆ ಸಾಕು ಅನ್ನೋದಾದ್ರೆ ಬರ್ತೀನಿ. ನಿಮ್ಮ ಸೊಸೈಟಿ ಬೆಂಚಿನ ಮುಂದೆ ನೀವೇ ಹೇಳಬೇಕು. ಇಲ್ಲಾಂದ್ರೆ ಡಿಎನ್‌ಎ ಸೊಸೆ ಹುಡುಕ್ಕೊಳ್ಳಿ."

ಜೀವಮಾನದಲ್ಲಿ ಯಾರನ್ನೂ ಕೆಳಗಿಳಿಸದ ಮನುಷ್ಯನಿಗೆ ಎಂಥ ಶಿಕ್ಷೆ! ಹಾಲೇಶಪ್ಪ ವಾಪಸು ಬರುವಾಗ ರೈಲಿನಲ್ಲಿ ಶೇಂಗಾ ಕೂಡ ಮುಟ್ಟಲಿಲ್ಲ. ವಡೋದರ ಬಂದಾಗ ಒಂದೇ ಮಾತು ಕೇಳಿದ: "ಅಣ್ಣಾ, ಎಲೆ ಅಂತಾನೂ ಹೇಳ್ಬೇಕಾ?"

"ಹೇಳಬೇಕಪ್ಪ" ಎಂದೆ.

ಸಂಜೆ ಬೆಂಚಿನ ಮುಂದೆ ಎಲ್ಲರೂ ಸೇರಿದ್ದರು. ಕಶ್ಯಪ್‌ಭಾಯಿ ಕೂದಲು ತುಂಬಿದ ಲಕೋಟೆಗಳ ಕಟ್ಟು ಹಿಡಿದಿದ್ದರು. ಹಾಲೇಶಪ್ಪ ನಿಂತ. ಮೇಲೆ ಬಾಲ್ಕನಿಯಲ್ಲಿ ಮಂಥನ್ ನಿಂತಿದ್ದ. ಅವನ ಮುಖ ನೋಡಿದ್ದೇ ತಡ, ಹಾಲೇಶಪ್ಪ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದ: "ನಮ್ಮ ಸೊಸೆ ಡಿಎನ್‌ಎ ಅಲ್ಲ. ಆರ್‌ಎನ್‌ಎ. ಮನುಷ್ಯರದ್ದಲ್ಲ, ಪಪ್ಪಾಯಿ ಎಲೇದು. ಡೈರೆಕ್ಟರೂ ಅಲ್ಲ. ನಾನೇ ಸೇರಿಸಿ ಹೇಳಿದ್ದು."

ಜನರ ಹಿಂದೆ ನಿಂತಿದ್ದ ಪೂರ್ವಿಬೆನ್ನಳ ಗಂಡ, "ಅಂದರೆ ಉಗುಳಿದ್ದು ಯಾರು ಅಂತ ಗೊತ್ತಾಗೋದಿಲ್ವಾ?" ಎಂದ. ಅವನ ದನಿಯಲ್ಲಿದ್ದ ಆನಂದವೇ ಸಾಕಾಯಿತು. ಎಲ್ಲರೂ ಅವನ ಕಡೆ ತಿರುಗಿದರು. ಯಾವ ಲ್ಯಾಬೂ ಇಷ್ಟು ಬೇಗ ರಿಪೋರ್ಟ್ ಕೊಡುವುದಿಲ್ಲ. ಕಶ್ಯಪ್‌ಭಾಯಿ ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು.

ಪೂರ್ವಿಬೆನ್‌ಗೆ ಗಂಡನ ಚಿಂತೆ ಇರಲಿಲ್ಲ. "ಪಪ್ಪಾಯಿ ಅಂದ್ರಾ? ಹಾಲೇಶ್‌ಭಾಯಿ, ನಮ್ಮ ವಿಂಗಿನ ಹಿಂದೆ ಒಂದಿದೆ. ಎಲೆ ಎಲ್ಲ ಮುದುರಿದೆ. ವಹು ಬಂದಾಗ ತೋರಿಸ್ತೀನಿ."

ತೋರಿಸಿಯೂ ತೋರಿಸಿದಳು. ಭಾನುವಾರ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಬೆಂಚಿನ ಮುಂದಿನ ಮಾತು ಮುಟ್ಟಿ ಸೂರತ್ತಿನವರು ಬಂದಿಳಿದರು. ಸೊಸೈಟಿಯ ಹೆಂಗಸರು ತಮ್ಮ ಪದ್ಧತಿಯಂತೆ ಬೆಲ್ಲ ಕೊತ್ತಂಬರಿ ಬೀಜ ಕಲಸಿ ತಟ್ಟೆಯಲ್ಲಿ ಇಟ್ಟುಕೊಂಡು ಕಾದಿದ್ದರು. ಮುಹೂರ್ತ ಬಂತು, ಹುಡುಗಿ ಇಲ್ಲ. ಹುಡುಕಿದರೆ ನಿಶ್ಚಿತಾ ಹಿತ್ತಲಲ್ಲಿ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು, ಪಪ್ಪಾಯಿ ಗಿಡದ ಎಲೆ ಹಿಡಿದು ಬೆಳಕಿಗೆ ನೋಡುತ್ತಿದ್ದಳು. ಪಕ್ಕದಲ್ಲಿ ಪೂರ್ವಿಬೆನ್ ರೋಗಿಯ ತಾಯಿಯ ಹಾಗೆ ನಿಂತಿದ್ದಳು. ಒಬ್ಬೊಬ್ಬರಾಗಿ ಇಡೀ ನಿಶ್ಚಿತಾರ್ಥವೇ ಅಲ್ಲಿಗೆ ಬಂತು.

"ಅದೇ ರೋಗ" ಎಂದಳು ನಿಶ್ಚಿತಾ. "ನೋಡಿ, ಕಾಯಿ ಮೇಲೆ ಉಂಗುರ ಉಂಗುರ ಕಲೆ."

"ಗಿಡಾನ ಉಂಗುರ ಹಾಕ್ಕೊಂಡೈತಿ, ನೀವ್ಯಾಕ ತಡ ಮಾಡ್ತೀರಿ? ತಾಟು ಇಲ್ಲೇ ತರ್ರೀ!" ಎಂದು ಗೌರಮ್ಮ ಕತಾರ್‌ಗಾಮಿನ ದನಿಯಲ್ಲಿ ಕೂಗಿದರು.

ಪಪ್ಪಾಯಿ ಗಿಡದ ಕೆಳಗೇ ಮಂಥನ್ ಉಂಗುರ ತೊಡಿಸಿದ. ಬೆಲ್ಲ ಕೊತ್ತಂಬರಿ ಎಲ್ಲರ ಬಾಯಿಗೂ ಬಂತು. ಆಮೇಲೆ ಪೂರ್ವಿಬೆನ್ ಔಷಧ ಕೇಳಿದಳು.

"ಔಷಧ ಇಲ್ಲ. ಕೀಳಬೇಕು. ಇಲ್ಲಾಂದ್ರೆ ಗಿಡಹೇನು ಕೂತು ಪಕ್ಕದ ಗಿಡಕ್ಕೂ ಹಬ್ಬಿಸುತ್ತೆ."

ಕಶ್ಯಪ್‌ಭಾಯಿ ಕೈ ಎತ್ತಿ, ಸೊಸೈಟಿಯ ಗಿಡ ಕೀಳಲು ಸಭೆ ಕರೆದು ಠರಾವು ಮಾಡಬೇಕು ಎಂದರು. ಹಾಲೇಶಪ್ಪ ಅಷ್ಟರಲ್ಲಿ ಜರಿ ಶಲ್ಯವನ್ನು ನನ್ನ ಹೆಗಲಿಗೆ ಹಾಕಿ ಕಾಂಡವನ್ನು ತಬ್ಬಿಕೊಂಡಾಗಿತ್ತು. "ಸೊಸೆ ಹೇಳಿದ ಮೇಲೆ ಎಂಥಾ ಠರಾವು!" ಎಂದ.

ಲಿಂಗರಾಜರು ಕೋಟು ಕಳಚಿ ಹೆಂಡತಿಯ ಕೈಗೆ ಕೊಟ್ಟು, "ಸರೀರೀ, ಬುಡ ನಾ ಹಿಡೀತೀನಿ" ಎಂದು ಅವರೂ ಬಗ್ಗಿದರು. ಇಬ್ಬರೂ ಉಸಿರು ಕಟ್ಟಿ ಎಳೆದರು. ಪಪ್ಪಾಯಿಯ ಬೇರು ಎಷ್ಟು ಮೆತ್ತಗಿರುತ್ತದೆಂದು ವಿಮಾ ಕಚೇರಿಗೂ ಬ್ಯಾಂಕಿಗೂ ಏನು ಗೊತ್ತು? ಗಿಡ ಒಮ್ಮೆಲೇ ಕಿತ್ತು ಬಂದು, ಇಬ್ಬರು ಬೀಗರೂ ಮಣ್ಣಿನಲ್ಲಿ ಅಂಗಾತ ಬಿದ್ದರು. ಎದೆಯ ಮೇಲೆ ಗಿಡ, ಬಾಯಲ್ಲಿ ಇನ್ನೂ ಬೆಲ್ಲ. ಮೊದಲು ನಕ್ಕವರು ಲಿಂಗರಾಜರು. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಫೋಟೋದವನಂತೂ ಹೊಟ್ಟೆ ಹಿಡಿದುಕೊಂಡು ಕ್ಯಾಮೆರಾವನ್ನು ಮಂಥನ್ ಕೈಗೇ ಕೊಟ್ಟುಬಿಟ್ಟ.

ಗೌರಮ್ಮ ಜಲಜಾಳ ಕೈ ಹಿಡಿದುಕೊಂಡು ಶಾಮಿಯಾನದ ಕಡೆ ಹೊರಟರು. ತಿರುಗಿಯೂ ನೋಡದೆ ಕೂಗಿ ಹೇಳಿದರು: "ಏಳ್ರೀ ಬೀಗರ, ಊಟ ಆರಾಕತ್ತೈತಿ!"